ನಾನು ತಿರುಚಿದ ಒಂದು ‘ನೋಡೋಣ’

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಹಸುವಿಗೆ ಹುಲ್ಲು ಹಾಕಬೇಕು, ಪೇಟೆಗೆ ಹೋಗಿ ಬರಬೇಕು ಎಂದು ಏನಾದರೊಂದು ನೆಪ ಸಿಗುತ್ತಿತ್ತು. ವಯಸ್ಸಾಯಿತು, ಇನ್ನು ಮುಂದಕ್ಕೆ ಹಾಕಲಾರೆ.

ನಾನು ಓದಿದ್ದು ಹೈಸ್ಕೂಲಿನ ತನಕ. ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುತ್ತಾ ಹರುಕುಮುರುಕು ಇಂಗ್ಲಿಷ್ ಕಲಿತೆ. ಆಮೇಲೆ ಹೊರದೇಶದ ಕಂಪನಿಗಳಿಗೆ ಜಾಗ ತೋರಿಸುವವನಾದೆ. ಊರವರ ಮಾತನ್ನು ಅವರಿಗೆ, ಅವರ ಮಾತನ್ನು ಊರವರಿಗೆ ದಾಟಿಸುವುದು ನನ್ನ ಕೆಲಸ. ಇವರು ಅಷ್ಟು ದೂರದಿಂದ ಇಲ್ಲಿಗೇ ಯಾಕೆ ಬಂದು ದುಡ್ಡು ಹಾಕುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಾಗಿರುತ್ತಿತ್ತು. ಚೆನ್ನೈ ಬಂದರಿಗೆ ಹೆದ್ದಾರಿ, ಅಗ್ಗದ ಜಮೀನು, ಕಡಿಮೆ ಕೂಲಿ, ತೆರಿಗೆಯಲ್ಲಿ ರಿಯಾಯಿತಿ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೂತು ಇದನ್ನೇ ಭಾಷಣದಂತೆ ಬಿಗಿಯುತ್ತಿದ್ದೆ.

ಒಮ್ಮೆ ಜಪಾನಿನ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಬಂದರು. ಆವನಿ ಕಡೆ, ನಾನು ಹುಟ್ಟಿದ ಊರಿನ ಹತ್ತಿರದ ಜಾಗ ಅವರಿಗೆ ಹಿಡಿಸಿತು. ಮೊದಲು ಸಣ್ಣ ಘಟಕ, ಎಲ್ಲ ಸರಿಹೋದರೆ ಪಕ್ಕದಲ್ಲೇ ದೊಡ್ಡ ಕಾರ್ಖಾನೆ. ಆದರೆ ಹೆದ್ದಾರಿಗೆ ನೇರ ದಾರಿ ಬೇಕಿತ್ತು. ಅದು ಹಾದುಹೋಗಬೇಕಾದದ್ದು ನನ್ನ ತಂಗಿಯ ಹಿಪ್ಪುನೇರಳೆ ತೋಟದ ಮೇಲೆ. ಊರಲ್ಲೇ ಮದುವೆಯಾಗಿ ಉಳಿದ ಅವಳಿಗೆ ಅಪ್ಪ ಬಾಯಿಮಾತಿನಲ್ಲಿ ಕೊಟ್ಟ ತೋಟ ಅದು. ಪಹಣಿ ಮಾತ್ರ ನನ್ನ ಹೆಸರಿನಲ್ಲೇ ಇತ್ತು.

ಅಧಿಕಾರಿಯನ್ನು ಅವಳ ರೇಷ್ಮೆಹುಳುವಿನ ಮನೆಗೆ ಕರೆದೊಯ್ದೆ. ಯಾರೂ ಹೇಳದೆಯೇ ಅವರು ಬೂಟು ಬಿಚ್ಚಿ ಹೊರಗಿಟ್ಟರು. ತಂಗಿ ನಕ್ಕುಬಿಟ್ಟಳು.

“ಇವ್ರಿಗಿರೋ ಬುದ್ಧಿ ನಿಂಗಿಲ್ವಲ್ಲಣ್ಣ! ಚಪ್ಲಿ ಆಚೆ ಬಿಡು.”

“ಅದಿರ್ಲಮ್ಮ. ನಿನ್ನ ತೋಟದಲ್ಲಿ ಇವ್ರಿಗೆ ದಾರಿ ಬೇಕಂತೆ. ಏನಂತೀಯ?”

ನಗು ನಿಂತಿತು. ಹುಳುಗಳ ತಟ್ಟೆಯ ಮೇಲೆ ಸೊಪ್ಪು ಹರಡುತ್ತಲೇ “ನೋಡೋಣಣ್ಣ” ಎಂದಳು. ಸ್ವಲ್ಪ ತಡೆದು, ತೆಲುಗಿನಲ್ಲಿ, “ಚೂದ್ದಾಂಲೇ.”

ನಮ್ಮ ಕಡೆ ಈ ಮಾತಿನ ಅರ್ಥ ಗೊತ್ತಿಲ್ಲದವರಿಲ್ಲ. ಕನ್ನಡದಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ಮುಳಬಾಗಿಲಿನ ಮುಸ್ಲಿಂ ವ್ಯಾಪಾರಿ ‘ದೇಖೇಂಗೆ’ ಎನ್ನಲಿ, ಅದು ಆಗುವುದಿಲ್ಲ ಎಂದೇ. ಪರಸ್ಥಳದವರ ಎದುರು ಅಣ್ಣನ ಮುಖಕ್ಕೆ ‘ಇಲ್ಲ’ ಎನ್ನಲಾರದೆ ಅವಳು ಹಾಗೆಂದಳು. ನನಗದು ಆ ಕ್ಷಣವೇ ತಿಳಿಯಿತು.

ಅಧಿಕಾರಿ ನನ್ನ ಕಡೆ ನೋಡಿದರು. ನಾನು “ಯೆಸ್” ಎಂದೆ.

ಊರಿಗೆ ಕಂಪನಿ ತಂದವನು ಎನಿಸಿಕೊಳ್ಳುವ ಆಸೆ ನನಗೆ. ಅವಳನ್ನು ಆಮೇಲೆ ಒಪ್ಪಿಸಿದರಾಯಿತು ಎಂದು ದಾರಿ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದೆ. ಅವಳಿಗೆ ಹೇಳಲು ಒಳ್ಳೆಯ ಹೊತ್ತು ಕಾಯುತ್ತಾ ಉಳಿದೆ.

ಒಂದು ಬೆಳಿಗ್ಗೆ ಅವಳ ಫೋನು ಬಂತು. “ಅಣ್ಣಾ, ತೋಟದೊಳಕ್ಕೆ ಜೆಸಿಬಿ ಬಂದೈತೆ. ನೀನೇ ಬರೆದುಕೊಟ್ಟಿದ್ದೀಯ ಅಂತವ್ರೆ. ಸುಳ್ಳು ಹೇಳ್ತವ್ರೆ ತಾನೆ?”

“ಹಲೋ, ಕೇಳಿಸ್ತೈತಾ ಅಣ್ಣಾ?” ಎನ್ನುತ್ತಲೇ ಇದ್ದಳು.

ಮಾಲೂರಿನಿಂದ ನಾನು ತಲುಪುವ ಹೊತ್ತಿಗೆ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ಹುಳುಗಳು ನಾಲ್ಕನೇ ಜ್ವರ ಬಿಟ್ಟು ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಕಳಚಿ, ಗೂಡು ಕಟ್ಟುವ ಮುಂಚೆ ಹಗಲೂ ರಾತ್ರಿ ತಿನ್ನುವ ಸಮಯ. ಆಗ ಆ ಮನೆಯ ಬಾಗಿಲಲ್ಲಿ ನಿಂತರೆ ಸಾಕು, ತಿನ್ನುವ ಸದ್ದು ಕೇಳಿಸಬೇಕು. ಅಕ್ಕಪಕ್ಕದವರು ಕೊಟ್ಟ ಸೊಪ್ಪು ಯಾವ ಮೂಲೆಗೂ ಸಾಲಲಿಲ್ಲ. ಮಾರನೆಯ ದಿನ ಒಳಗೆ ಸದ್ದೇ ಇರಲಿಲ್ಲ. ಹುಳುಗಳು ತಟ್ಟೆಯ ಅಂಚಿಗೆ ಬಂದು, ತಲೆಯೆತ್ತಿ, ಆ ಕಡೆ ಈ ಕಡೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ತಂಗಿ ನನ್ನನ್ನು ಬೈಯಲಿಲ್ಲ. ತಟ್ಟೆಗಳನ್ನೇ ನೋಡುತ್ತಾ ನಿಂತಿದ್ದಳು.

ಸುದ್ದಿ ಮುಟ್ಟಿ ಅಧಿಕಾರಿಯೂ ಬಂದರು. ಅವತ್ತೂ ಬೂಟು ಬಿಚ್ಚಿಟ್ಟೇ ಒಳಗೆ ಬಂದರು. “ಅವರು ಒಪ್ಪಿದ್ದರಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಹೇಳಿದ ಮಾತನ್ನು ಆಗ ಮೊದಲ ಸಲ ಇದ್ದದ್ದು ಇದ್ದಂತೆ ಹೇಳಿದೆ. ನೋಡೋಣ ಎಂದಿದ್ದಳು, ಅಷ್ಟೇ.

ಅವರ ಮುಖ ಬಿಳುಚಿಕೊಂಡಿತು. “ನಮ್ಮ ಭಾಷೆಯಲ್ಲೂ ‘ಯೋಚಿಸೋಣ’ ಅಂದರೆ ಆಗಲ್ಲ ಅಂತಲೇ. ಅವರ ಮಾತನ್ನೇ ಹೇಳಿದ್ದರೆ ನನಗೆ ತಿಳಿಯುತ್ತಿತ್ತು. ದಾರಿ ಬೇರೆ ಕಡೆಯಿಂದ ತರುತ್ತಿದ್ದೆ.”

ನಾನು ಬೆಚ್ಚಿಬಿದ್ದೆ. ಸಮುದ್ರದ ಆಚೆಯಿಂದ ಬಂದವರಿಗೆ ನಮ್ಮ ನೋಡೋಣದ ಗುಟ್ಟು ಎಲ್ಲಿ ತಿಳಿದೀತು ಎಂದುಕೊಂಡವನು ನಾನು.

ಅವರು ತಂಗಿಯ ಎದುರು ಸೊಂಟ ಬಾಗಿಸಿ ತಲೆ ತಗ್ಗಿಸಿದರು, ಜಪಾನೀ ಭಾಷೆಯಲ್ಲಿ ಏನೋ ಹೇಳಿದರು. ಕ್ಷಮೆ ಕೇಳುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಕೈಮುಗಿದಳು. ಅವರ ಪಕ್ಕದಲ್ಲಿ ನಾನು ಕಂಬದಂತೆ ನಿಂತಿದ್ದೆ.

ವಾಪಸು ಹೋಗುವಾಗ ಕಾರಿನಲ್ಲಿ ಅವರೆಂದರು: “ರಸ್ತೆ, ಕರೆಂಟು, ರಿಯಾಯಿತಿ ಎಲ್ಲರೂ ಕೊಡುತ್ತಾರೆ. ಅದನ್ನು ನೋಡಿ ಬಂದೆವು. ಆದರೆ ದೊಡ್ಡದಕ್ಕೆ ಕೈಹಾಕುವ ಮುಂಚೆ ನಮ್ಮ ಕಂಪನಿ ಕೇಳುವುದು ಒಂದೇ, ಸಣ್ಣ ಘಟಕದ ಸುತ್ತ ಏನಾಯಿತು ಅಂತ. ನಾನು ಏನು ಬರೆಯಲಿ?”

ದೊಡ್ಡ ಕಾರ್ಖಾನೆ ನಂಗಲಿ ದಾಟಿ ಆಂಧ್ರದ ಕಡೆ ಹೋಯಿತು. ಸಣ್ಣದು ಇಲ್ಲೇ ಇದೆ, ತೋಟದ ದಾರಿ ಕೈಬಿಟ್ಟದ್ದರಿಂದ ಲಾರಿಗಳು ಊರು ಸುತ್ತಿಕೊಂಡು ಬರುತ್ತವೆ. ತೋಟದ ಪಹಣಿಯನ್ನು ತಂಗಿಯ ಹೆಸರಿಗೆ ಮಾಡಿಸಿಕೊಟ್ಟೆ. ಅವಳು ಮತ್ತೆ ಹಿಪ್ಪುನೇರಳೆ ಕಡ್ಡಿ ನೆಟ್ಟಳು. ಗಿಡ ಎದೆಯೆತ್ತರಕ್ಕೆ ಬಂದಿದೆ. ಆಡಬೇಕಾದ ಮಾತನ್ನು ಮಾತ್ರ ನಾನು ಆಡಲಿಲ್ಲ.

ಮೊನ್ನೆ ಅದಕ್ಕೆಂದೇ ಹೋಗಿದ್ದೆ. ಕಾಫಿ ಕೊಟ್ಟಳು. ಲೋಟ ಖಾಲಿಯಾಗುವವರೆಗೂ ಹಸು, ಮಳೆ ಎಂದು ಏನೇನೋ ಮಾತಾಡಿದೆ. ಕೊನೆಗೆ ಬಾಯಿಗೆ ಬಂದದ್ದು ಬೇರೆಯೇ.

“ಈ ಸಲ ಗೌರಿ ಹಬ್ಬಕ್ಕೆ ಮಾಲೂರಿಗೆ ಬರ್ತೀಯೇನಮ್ಮ?”

ಲೋಟ ತೆಗೆದುಕೊಂಡು ಎದ್ದಳು. “ನೋಡೋಣಣ್ಣ.”

ಈ ಸಲ ಅದನ್ನು ತಿರುಚಿ ಹೇಳಲು ಎದುರಿಗೆ ಯಾರೂ ಇರಲಿಲ್ಲ. ಜಪಾನಿನವರು ತಲೆಬಾಗಿ ಕೇಳಿದ ಕ್ಷಮೆಯನ್ನು ನಾನು ನನ್ನ ಒಬ್ಬಳೇ ತಂಗಿಯ ಬಳಿ ಇಂದಿಗೂ ಕೇಳಿಲ್ಲ.