ಹಾಯಿಯ ನಡುವಿನ ಹೊಲಿಗೆ

ಶರೀಫಾಬೀ ಹಾಯಿ ಹೊಲಿಯುವುದನ್ನು ಬಿಟ್ಟು ನಾಲ್ಕು ವರ್ಷವಾಗುತ್ತ ಬಂದಿತ್ತು. ಡೇರೆ ಹೊಲಿಯುತ್ತಿದ್ದಳು. ಗಾಡಿಯ ಕಮಾನಿಗೆ ಹೊದಿಸುವ ದಪ್ಪ ಬಟ್ಟೆ ಹೊಲಿಯುತ್ತಿದ್ದಳು. ಕೆಲಸವಿಲ್ಲದ ದಿನ ನೆರೆಮನೆಯವರ ಹಳೆಯ ಸೀರೆಗಳನ್ನು ಪದರ ಪದರ ಕೂಡಿಸಿ ಕೌದಿ ಹಾಕುತ್ತಿದ್ದಳು. ಸುರಪುರದಲ್ಲಿ ಹಾಯಿ ಹೊಲಿಯಬಲ್ಲ ಮನೆ ಅವಳದೊಂದೇ. ಊರಿನವರು ಕೃಷ್ಣೆ ದಾಟುವ ಕಡವಿನಲ್ಲಿ ಹಾಯಿ ಕಟ್ಟುವ ದೋಣಿಯೂ ಒಂದೇ, ಅಂಬಿಗರ ಹುಲಗಪ್ಪನದು. ಹಾಗಾಗಿ ಅವನು ಬಂದು ಕೇಳುವ ತನಕ ಇಲ್ಲವೆನ್ನುವ ಪ್ರಸಂಗವೂ ಬಂದಿರಲಿಲ್ಲ.

ಆ ಬೇಸಿಗೆಯಲ್ಲಿ ಅವನು ಬಂದ.

"ಶರೀಫಾ ತಂಗಿ, ಅದಿಯೇನವಾ ಮನ್ಯಾಗ?"

ಹೊರಸಿನ ಮೇಲೆ ಮಲಗಿದ್ದ ಅತ್ತೆ ಮಸ್ತಾನಬಿ ಕತ್ತು ಹೊರಳಿಸಿದಳು. ಅವಳ ಕಣ್ಣಿಗೆ ಪೊರೆ ಬಂದು ಬಾಗಿಲ ಬೆಳಕಷ್ಟೇ ಕಾಣುತ್ತಿತ್ತು. "ಯಾರದು?"

"ನಾ ರೀ, ಡೋಣಿ ಹುಲಗಪ್ಪ."

"ಅಲ್ಲೇ ನಿಂದ್ರು. ನಿನ್ನ ಕಾಲಾಗ ಯಾವಾಗ್ಲೂ ಹೊಳಿ ಉಸುಕು. ಅರಿವಿ ಹಾಸ್ಯಾಳ ಆಕಿ."

ಹುಲಗಪ್ಪ ಹೊಸ್ತಿಲ ಹೊರಗೇ ಕುಕ್ಕರಗಾಲಲ್ಲಿ ಕುಳಿತ. ಐವತ್ತು ದಾಟಿದ, ಭುಜ ಅಗಲದ ಮನುಷ್ಯ. ಹೊಸ ಸರ್ಕಾರದ ಕಚೇರಿಯಿಂದ ಯಾರೋ ಬಂದು ದೋಣಿಗಳನ್ನು ನೋಡಿ ಹೋಗಿದ್ದರು. ಹುಲಗಪ್ಪನ ಹಾಯಿಯನ್ನು ಬೆರಳಿನಿಂದ ಒತ್ತಿದರೆ ಬೆರಳು ಆಚೆ ಬಂದಿತ್ತು. ಜೂನಿನ ಮಿರಗದ ಮಳೆಯೊಳಗೆ ಹೊಸ ಹಾಯಿ ಏರದಿದ್ದರೆ ಕಡವು ಬೇರೆಯವರಿಗೆ ಎಂದು ಬರೆದುಕೊಂಡು ಹೋಗಿದ್ದರು. ಆ ತಿರುವಿನಲ್ಲಿ ಗಾಳಿ ಈ ದಂಡೆಯಿಂದ ಆ ದಂಡೆಗೆ ನೇರ ಬೀಸುತ್ತದೆ. ಹೊಳೆ ತುಂಬಿದಾಗ ಗಳೆ ತಳಕ್ಕೆ ಎಟುಕುವುದಿಲ್ಲ, ಹಾಯಿಯೊಂದೇ ಗತಿ.

"ಶಹಾಪುರದಾಗ ಕೇಳದೆ, ಯಾದಗಿರಿಗೂ ಹೋಗಿದ್ದೆ," ಎಂದ. "ಟೇಶನ್ ಬಾಜೂಕ ಒಬ್ಬ ದರ್ಜಿ ಅದಾನ. ಏನಂತಾನ, ಅಂಗಿ ಆದ್ರ ತೋಳು ಎಲ್ಲಿ ಹಚ್ಚಬೇಕು ಗೊತ್ತದ, ಇದಕ್ಕ ಎಲ್ಲಿ ಹಚ್ಚಲಿ ಅಂತಾನ. ನಗಬೇಕೋ ಅಳಬೇಕೋ! ನೀನ ಆಗಬೇಕವಾ."

"ಈಕಿ ಕೈಲೆ ಹೊಲಸಬ್ಯಾಡೋ," ಮುದುಕಿ ಹೇಳಿದಳು. "ಈಕಿ ಹೊಲಿಗಿ ನೀರು ಕುಡಸತದ."

ಹುಲಗಪ್ಪ ನೆಲ ನೋಡಿದ. ಶರೀಫಾಬೀ ನೂಲಿಗೆ ಮೇಣ ಸವರಿ ದಬ್ಬಣಕ್ಕೆ ಪೋಣಿಸಿದಳು. ಈ ಮಾತಿಗೆ ಅವಳು ಎಂದೂ ಉತ್ತರ ಕೊಟ್ಟವಳಲ್ಲ. ಅದು ನಿಜವೆಂದೇ ನಂಬಿದ್ದಳು.

ಅವಳ ಗಂಡ ಮನ್ಸೂರಅಲಿ ಒಳ್ಳೆಯ ಕಸಬುದಾರ. ಅವನದೊಂದು ರೂಢಿ ಇತ್ತು. ಹುಲಗಪ್ಪನ ಹಾಯಿಯನ್ನು ಪ್ರತಿ ಬೇಸಿಗೆಯಲ್ಲಿ ಬಿಚ್ಚಿಸಿ ತಂದು ದುರಸ್ತಿ ಮಾಡುತ್ತಿದ್ದ, ಮತ್ತು ಪ್ರತಿ ವರ್ಷದ ಹೊಲಿಗೆಗೂ ನೂಲಿನ ಬಣ್ಣ ಬದಲಿಸುತ್ತಿದ್ದ. ಯಾವ ಹೊಲಿಗೆ ಎಷ್ಟು ಮಳೆ ತಾಳಿತು ಎಂಬುದು ಬಣ್ಣದಿಂದಲೇ ತಿಳಿಯಬೇಕು ಅವನಿಗೆ. ನಲವತ್ತೆಂಟರ ಬೇಸಿಗೆಯಲ್ಲಿ ಅವನಿಗೆ ಕಣ್ಣುಬೇನೆ. ಎರಡು ಅಗಲವಾದ ಪಟ್ಟಿಗಳು ಕೂಡುವ ನಡುವಿನ ಉದ್ದ ಹೊಲಿಗೆ, ಗಾಳಿಯ ಪೂರಾ ಭಾರ ಬೀಳುವ ಜಾಗ, ಅದನ್ನು ಆ ವರ್ಷ ಬಿಚ್ಚಿ ಹೊಸದಾಗಿ ಹಾಕಬೇಕಿತ್ತು. ಶರೀಫಾಬೀ ಹಾಕಿದಳು. ನೀಲಿ ನೂಲು.

ಆ ಮಳೆಗಾಲದ ಕೊನೆಗೆ ಹಿಂದುಸ್ತಾನದ ಫೌಜು ಬಂದು ನಿಜಾಮನ ರಾಜ್ಯ ಮುಗಿಯಿತು. ಮನ್ಸೂರಅಲಿ ನಿಜಾಮನ ಪರ ದಂಡು ಕಟ್ಟಿದ್ದ ರಜಾಕಾರರಿಗೆ ಡೇರೆ ಹೊಲಿದು ಕೊಟ್ಟಿದ್ದ. ಅವರು ಬಂದು ಹೊಲಿ ಎಂದಾಗ ಇಲ್ಲವೆನ್ನುವ ಎದೆ ಯಾರಿಗೂ ಇರಲಿಲ್ಲ. ಆದರೆ ಈಗ ಅದನ್ನು ಯಾರು ಕೇಳುತ್ತಾರೆ? ಡೇರೆ ಹೊಲಿದವನು ಎಲ್ಲಿ ಎಂದು ನಾಲ್ಕು ಮಂದಿ ಬಜಾರದಲ್ಲಿ ಕೇಳಿದರಂತೆ. ಅವನು ಹೊಳೆಯಾಚೆ ದೇವದುರ್ಗದ ಕಡೆಯ ಅಕ್ಕನ ಮನೆಗೆ ಹೊರಟ. ಕಡವಿನಲ್ಲಿ ಮೂರು ದಿನ ಕಾದ. ಹೊಳೆ ತುಂಬಿ ಹರಿಯುತ್ತಿತ್ತು, ದೋಣಿ ಆಚೆ ದಂಡೆಯಲ್ಲಿತ್ತು. ಹಾಯಿ ಹರಿದಿದೆ, ಬರಲಾಗದು ಎಂದು ಅಲ್ಲಿಂದ ಅಂಬಿಗರು ಕೂಗಿ ಹೇಳಿದರು. ನಾಲ್ಕನೆಯ ದಿನ ಒಣ ಸೋರೆಬುರುಡೆಗಳನ್ನು ಎದೆಗೆ ಕಟ್ಟಿಕೊಂಡು ಈಜಲು ಇಳಿದ. ಎರಡು ದಿನದ ಮೇಲೆ ಕೆಳಗಿನ ಬಂಡೆಗಳ ನಡುವೆ ಸಿಕ್ಕ.

ತಿಂಗಳು ಕಳೆದು ಹುಲಗಪ್ಪ ಮನೆಗೆ ಬಂದು ಬಾಗಿಲಲ್ಲಿ ಇದೇ ರೀತಿ ಕುಳಿತಿದ್ದ. "ನಡುವಿಗೇ ಹರೀತು ತಂಗಿ. ಇಲ್ಲಾಂದ್ರ ಮನ್ಸೂರಣ್ಣನ್ನ ಬಿಡತಿದ್ನೇನು ನಾ? ಆಮ್ಯಾಲ ನಾನ ಹೆಂಗೋ ಹೊಲಕೊಂಡೀನಿ." ಒಳಗಿನಿಂದ ಮಸ್ತಾನಬಿ ಅದನ್ನು ಕೇಳಿದ್ದಳು. ಅಂದಿನಿಂದ ಅವಳ ಬಾಯಲ್ಲಿ ನೀರು ಕುಡಿಸುವ ಹೊಲಿಗೆಯ ಮಾತು ನೆಲೆನಿಂತಿತು. ಉಪ್ಪು ಹೆಚ್ಚಾದರೆ ಆ ಮಾತು, ನೀರು ತರಲು ತಡವಾದರೆ ಆ ಮಾತು. ಶರೀಫಾಬೀ ಎಷ್ಟೋ ಸಲ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಎಲ್ಲಿ ಸಡಿಲಾಯಿತು? ನೂಲಿಗೆ ಮೇಣ ಕಡಿಮೆಯಾಯಿತೇ? ಗಂಟು ಜಾರಿತೇ? ಕಡವಿಗೆ ಹೋಗಿ ನೋಡಬಹುದಿತ್ತು. ಆರು ಹರದಾರಿಯೂ ಇಲ್ಲ. ಹೋಗಲಿಲ್ಲ. ಹರಿದದ್ದು ನೀಲಿ ಹೊಲಿಗೆಯೇ ಎಂದು ಕಣ್ಣಾರೆ ಕಂಡರೆ ಮುಂದೆ ಬದುಕುವುದು ಹೇಗೆಂದು ತಿಳಿಯದೆ ಹೋಗಲಿಲ್ಲ.

ಈಗ ಅವಳು ದಬ್ಬಣ ಕೆಳಗಿಟ್ಟಳು.

"ಹೊಲೀತೀನ್ರಿ ಅಣ್ಣಾ. ಮೊದ್ಲ ಹಳೇ ಹಾಯಿ ತಂದು ಹಾಕ್ರಿ."

"ಅಳತಿಗೇನು? ನಾಳೇನ ತರತೀನಿ ತಗೋ!" ಹುಲಗಪ್ಪ ಹಗುರಾಗಿ ಎದ್ದು ಹೋದ.

ಅವನ ಕಾಲಸಪ್ಪಳ ಅಡಗುವ ತನಕ ಮುದುಕಿ ಕಾದಳು. ಅವಳೂ ಆ ಕಸಬಿನ ಮನೆಯಲ್ಲೇ ಮುದುಕಿಯಾದವಳು. ಹಳೆಯ ಹಾಯಿಯಿಂದ ಅಳತೆ ತೆಗೆಯುವುದಿಲ್ಲ ಎಂಬುದು ಅವಳಿಗೆ ಗೊತ್ತು. ವರ್ಷಗಟ್ಟಲೆ ಗಾಳಿಗೆ, ನೀರಿಗೆ ಬಟ್ಟೆ ಜಗ್ಗಿರುತ್ತದೆ. ಆ ಅಳತೆಗೆ ಹೊಲಿದರೆ ಹೊಸದು ಜೋತು ಬೀಳುತ್ತದೆ. ಅಳತೆ ದೋಣಿಯ ಕಂಬದ್ದು, ಅಡ್ಡಗಳೆಯದು.

"ಹಳೇದು ಯಾಕ ಬೇಕು ನಿನಗ?"

"ನೋಡಬೇಕು."

"ನೋಡು. ನೋಡಿ ತಣ್ಣಗಾಗು," ಎಂದು ಮಸ್ತಾನಬಿ ಗೋಡೆಯ ಕಡೆ ಹೊರಳಿದಳು.

ಮರುದಿನ ಹೊತ್ತೇರುವ ಮೊದಲೇ ಗಾಡಿ ಬಂತು. ಅಂಗಳದಲ್ಲಿ ಹಾಯಿಯನ್ನು ಬಿಚ್ಚಿ ಹರಡಿದಾಗ ಮೀನು, ಕೆಸರು, ಹೊಗೆ ಎಲ್ಲ ಕೂಡಿದ ವಾಸನೆ ಎದ್ದಿತು. ಶರೀಫಾಬೀ ಅದರ ಮೇಲೆ ಮೊಣಕಾಲೂರಿ ಕುಳಿತು ಅಂಚಿನಿಂದ ಶುರು ಮಾಡಿದಳು. ಪುಂಡಿನಾರಿನ ಹಗ್ಗ ಕೂಡಿಸಿದ ಅಂಚು ಗಟ್ಟಿಯಿತ್ತು. ಕೆಂಪು ನೂಲು, ಅವಳ ಮದುವೆಯ ವರ್ಷದ್ದು. ಹಳದಿ, ಅದರ ಮರುವರ್ಷ, ಮನ್ಸೂರನ ಓರೆ ಹೊಲಿಗೆಯ ಟಾಕು. ಕೈ ಮುಂದೆ ಮುಂದೆ ಹೋಯಿತು. ನಡುವಿಗೆ ಬಂದಾಗ ಅವಳು ಒಂದು ಸಲ ಕಣ್ಣು ಮುಚ್ಚಿ ತೆರೆದಳು.

ನೀಲಿ ಬಿಳಚಿತ್ತು. ಮೇಲಿಂದ ಕೆಳಗಿನವರೆಗೆ ಒಂದು ಟಾಕೂ ಕಿತ್ತಿರಲಿಲ್ಲ. ಸುತ್ತಲಿನ ಬಟ್ಟೆ ಮುಟ್ಟಿದರೆ ಪುಡಿಯಾಗುತ್ತಿತ್ತು, ಹೊಲಿಗೆ ಮಾತ್ರ ಹಗ್ಗದಂತೆ ನಿಂತಿತ್ತು. ಅವಳು ತಿರುಗಿ ಕೆಳಗಿನಿಂದ ಮೇಲಕ್ಕೆ ನೋಡಿದಳು. ಹಾಯಿಯನ್ನು ಮಗುಚಿ ಇನ್ನೊಂದು ಮಗ್ಗುಲೂ ನೋಡಿದಳು. ಇಲಿ ಕಡಿದ ತೂತುಗಳಿದ್ದವು, ಕೊಳೆತ ಜಾಗಗಳಿದ್ದವು. ನೀಲಿಯ ನಂತರದ ಹೊಲಿಗೆ ಎಲ್ಲಿಯೂ ಇರಲಿಲ್ಲ.

"ಅಣ್ಣಾ, ನೀವು ಹೊಲಕೊಂಡದ್ದು ಎಲ್ಲಿ ತೋರಸ್ರಿ."

ಹುಲಗಪ್ಪ ಗಾಡಿಯ ಮೂಕಿಗೆ ಒರಗಿ ಬೀಡಿ ಹಚ್ಚುತ್ತಿದ್ದ. "ಏನವಾ?"

"ಆ ವರ್ಷ ಹರದಿದ್ದು. ನೀವು ಹೆಂಗೋ ಹೊಲಕೊಂಡದ್ದು."

ಅವನು ಹಾಯಿಯ ಹತ್ತಿರ ಬಂದು ನಿಂತ. ಬಗ್ಗಿ ನೋಡಲೂ ಇಲ್ಲ. ಕಡ್ಡಿ ಬೆರಳು ಸುಟ್ಟಾಗ ಕೆಳಗೆ ಬಿಟ್ಟ.

"ಹರದಿರಲಿಲ್ಲ ತಂಗಿ."

ಅಷ್ಟು ಹೇಳಿ ಅವನು ಕುಳಿತುಬಿಟ್ಟ. ಆಮೇಲೆ ಮಾತು ತಡೆದು ತಡೆದು ಬಂತು. "ಊರಾಗಿನ ಮಂದಿ ಬಂದಿದ್ರು. ಆ ಜನಾನ ದಾಟಸಿದ್ರ ಡೋಣಿ ಸುಡತೀವಿ ಅಂದ್ರು. ಡೋಣಿ ಹೋದ್ರ ನಾ ಏನ್ ಮಾಡ್ಲಿ? ಹಾಯಿ ಇಳಸಿ ಆ ದಂಡ್ಯಾಗ ಕುಂತೆ. ಮೂರು ದಿನ ಆಂವ ಕೈ ಬೀಸಾಕತ್ತಿದ್ದ, ನಾ ನೋಡಾಕತ್ತಿದ್ದೆ. ಈಸ ಬಿದ್ದಾಗೂ ನೋಡೀನಿ."

"ಮತ್ತ ನನಗ ಯಾಕ ಹಂಗ ಹೇಳಿದ್ರಿ?"

"ಏನರ ಒಂದು ಹೇಳಬೇಕಿತ್ತಲ್ಲ. ನಿನಗ ಸಮಾಧಾನ ಆಗಲಿ ಅಂತ…"

"ಸಮಾಧಾನ," ಎಂದಳು ಶರೀಫಾಬೀ. ನಡುವಿನ ಹೊಲಿಗೆ ಯಾರದೆಂದು ಅಂದು ಅವನಿಗೆ ಗೊತ್ತೇ ಇರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಬಾಯಿಗೆ ಬಂದದ್ದು ಹೇಳಿದ್ದ. ಅಂಚು ಎಂದಿದ್ದರೂ ಆಗುತ್ತಿತ್ತು, ಮೂಲೆ ಎಂದಿದ್ದರೂ ಆಗುತ್ತಿತ್ತು. "ಇದನ್ನ ಒಳಗ ಬಂದು ಅಮ್ಮನ ಮುಂದ ಹೇಳ್ರಿ. ಹೇಳಿದ್ರ ಹಾಯಿ ಹೊಲೀತೀನಿ."

"ಮುದುಕಿ ಎದಿ ಒಡೀತದ ತಂಗಿ."

"ಹೇಳ್ರಿ."

ಹುಲಗಪ್ಪ ಮುಂಡಾಸು ತೆಗೆದು ಕೈಯಲ್ಲಿ ಹಿಡಿದು ಒಳಗೆ ಹೋದ. ಈ ಸಲ ಮಸ್ತಾನಬಿ ಕಾಲಿನ ಉಸುಕಿನ ಮಾತು ಎತ್ತಲಿಲ್ಲ. ಅವನು ಹೊರಸಿನ ಕಾಲ ಬಳಿ ಕುಳಿತು ಎಲ್ಲ ಹೇಳಿದ. ಹಾಯಿ ಗಟ್ಟಿಯಿತ್ತು ಎಂದ. ತಾನೇ ಬರಲಿಲ್ಲ ಎಂದ. ಹೇಳುತ್ತ ಅತ್ತ. ಶರೀಫಾಬೀ ಗೋಡೆಗೆ ಬೆನ್ನು ಕೊಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಏನು ಬೇಕಿತ್ತು ಅವಳಿಗೆ? ಕ್ಷಮೆ ಕೇಳಲೆಂದು ಅವಳು ಬಯಸಿರಲಿಲ್ಲ. ಆ ಕೈ ಒಮ್ಮೆ ತನ್ನ ಕಡೆ ಚಾಚಿದರೆ ಸಾಕಿತ್ತು.

ಮುದುಕಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಮುಗೀತೇನು?"

"ಹೌದ್ರಿ."

"ಹಾಯಿ ಬೇಕಾಗ್ಯಾದ ನಿನಗ. ಈಕಿ ಹೇಳಿಕೊಟ್ಟಾಳ, ನೀ ಹೇಳದಿ."

"ಇಲ್ರೀ, ಖರೇನ ರೀ! ನನ್ನ ಮಕ್ಕಳಾಣಿ…"

"ಎದ್ದು ಹೋಗು. ಇಂಥಾ ಅಳು ಭಾಳ ನೋಡೀನಿ ನಾ."

ಶರೀಫಾಬೀ ಅಂಗಳಕ್ಕೆ ಓಡಿ ಹಾಯಿಯ ನಡುಭಾಗವನ್ನು ಬಾಚಿ ಎಳೆದುಕೊಂಡು ಬಂದಳು. ಅತ್ತೆಯ ಬೆರಳು ಹಿಡಿದು ಹೊಲಿಗೆಯ ಮೇಲಿಟ್ಟಳು. "ಮುಟ್ಟಿ ನೋಡ್ರಿ ಅಮ್ಮಾ. ನೀವೂ ನಲವತ್ತು ವರ್ಷ ಹೊಲದೀರಿ. ಕಿತ್ತಿದ್ದು ಹೇಳ್ರಿ ಎಲ್ಲೆದ."

ಬೆರಳುಗಳು ಒಂದು ಗೇಣು ಸರಿದವು. ಟಾಕಿನ ಲೆಕ್ಕ ಅವಕ್ಕೆ ತಿಳಿಯಿತು, ಅದು ಮುದುಕಿಯ ಮುಖದಲ್ಲಿ ಕಂಡಿತು. ಮರುಗಳಿಗೆ ಅವಳು ಕೈ ಕಿತ್ತುಕೊಂಡಳು.

"ಅರಿವಿ ತೆಗಿ. ವಾಸನಿ ಬರಾಕತ್ತದ."

ಹೊರಗೆ ಹುಲಗಪ್ಪ ಮುಂಡಾಸು ಸುತ್ತಿಕೊಳ್ಳಲೂ ಮರೆತು ನಿಂತಿದ್ದ. "ನಾ ಖರೇನ ಹೇಳೀನಿ. ಮುದುಕಿ ನಂಬಲಿಲ್ಲಂದ್ರ ನಾ ಏನ್ ಮಾಡ್ಲಿ?"

"ನಾಕು ವರ್ಷದ ಹಿಂದ ಹೇಳಿದ್ರ ನಂಬತಿದ್ಲು."

ಮೂರನೆಯ ದಿನ ಶರೀಫಾಬೀ ಕಡವಿಗೆ ಹೋದಳು. ಕೊಟ್ಟ ಮಾತು ಹಾಗಿತ್ತು. ಕಂಬದ ಅಳತೆಯನ್ನು ಬೇರೆಯವರ ಕೈಗೆ ಬಿಡುವಂತಿರಲಿಲ್ಲ. ತಪ್ಪಿದರೆ ಮುಳುಗುವವರು ಸಂತೆಯ ಜನ, ಹೆಂಗಸರು, ಕೂಸುಗಳು. ಹೊಳೆ ಬೇಸಿಗೆಗೆ ಇಳಿದು ಕಲ್ಲು ಹಾಸು ಕಾಣುತ್ತಿತ್ತು. ಯಾವ ಬಂಡೆ ಎಂದು ಅವಳು ಕೇಳಲಿಲ್ಲ. ದೋಣಿ ಏರಿ ನೂಲಿನ ಹುರಿ ಬಿಚ್ಚಿದಳು. ಹುಲಗಪ್ಪ ಕಂಬ ಹತ್ತಿ ಮೇಲಿನ ತುದಿ ಹಿಡಿದ, ಅವಳು ಕೆಳಗೆ ಬಿಗಿದು ಗಂಟು ಹಾಕಿದಳು. ಅಡ್ಡಗಳೆಗೂ ಹಾಗೆಯೇ. ಬಟ್ಟೆ ಜಗ್ಗುವುದಕ್ಕೆಂದು ಎರಡು ಕಡೆಯೂ ಮೂರು ಬೆರಳು ಕಡಿಮೆ ಮಾಡಿ ಮತ್ತೊಂದು ಗಂಟು ಹಾಕಿದಳು.

ಕೆಳಗಿಳಿದ ಹುಲಗಪ್ಪ ಗಳೆಗೆ ಕೈ ಹಾಕಿದ. "ಕುಂದ್ರು ತಂಗಿ. ನೀರು ಕಡಿಮಿ ಅದ. ಆ ದಂಡಿಗೆ ಒಯ್ದು ಬಿಡತೀನಿ, ದೇವದುರ್ಗದ ಕಡೆ ಮನ್ಸೂರಣ್ಣನ ಅಕ್ಕನ್ನ ನೋಡಿ ಬರುವಂತಿ."

ಅವಳು ಕೂರದೆ ಹುರಿಯ ಒಂದು ತುದಿಯನ್ನು ಅವನ ಕಡೆ ಎಸೆದಳು.

"ಇನ್ನೊಮ್ಮೆ ಹತ್ರಿ. ಕಂಬದ ಅಳತಿ ನೋಡಬೇಕಾಗ್ಯಾದ. ಬಿಗಿ ಹಿಡೀರಿ, ಕೈ ಅಲ್ಲಾಡಸಬ್ಯಾಡ್ರಿ."