ಅಮ್ಮ ಕಾವಲಿದ್ದ ಮುಸುವ

ಕಾಂಪೌಂಡ್ ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಅವತ್ತು ಅತ್ತಳು ಎಂದು ನನಗೆ ನೆನಪು. ಅಕ್ಕ ಒಪ್ಪುವುದಿಲ್ಲ. ಕಣ್ಣಿನ ಪೊರೆ ತೆಗೆಸಿ ತಿಂಗಳೂ ಆಗಿರಲಿಲ್ಲ, ನೀರು ಸುರಿಯುತ್ತಿತ್ತು ಅಷ್ಟೇ ಅನ್ನುತ್ತಾಳೆ. ಅಮ್ಮನನ್ನೇ ಕೇಳಿದರೆ, "ಅಳೋಕೆ ಯಾವ್ ಪುರಸೊತ್ತಿತ್ತು ನಂಗೆ?" ಅಂದಳು. ಹಾಗಾಗಿ ಇಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಸೇರಿಸಿಕೊಂಡದ್ದು, ಹೇಳಲಾರೆ.

ಅಮ್ಮ ಹೆಬ್ಬೂರಿನಲ್ಲಿ ಬಹಳ ವರ್ಷ ಹಸು ಸಾಕಿದವಳು. ಮಂಡಿ ನೋವು ಹೆಚ್ಚಾದ ಮೇಲೆ ಹಸುಗಳನ್ನು ಮಾರಿ ಕುಣಿಗಲ್ಲಿನ ಅಕ್ಕನ ಮನೆಗೆ ಬಂದಿದ್ದಳು. ತುಮಕೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಮನೆಯ ಹಿಂದಿನ ಹುಣಸೆ ಮರದಲ್ಲಿ, ಗುಂಪು ಬಿಟ್ಟ ಗಂಡು ಮುಸುವ ಒಂದು ಬಂದು ನೆಲೆಸಿತ್ತು. ಕರಿ ಮುಖ, ಬೂದು ಮೈ, ಗೋಡೆಯಿಂದ ನೆಲ ಮುಟ್ಟುವ ಬಾಲ. ಕೋತಿಗಳ ಹಾಗೆ ಕಿತ್ತುಕೊಳ್ಳುತ್ತಿರಲಿಲ್ಲ. ಕೊಟ್ಟರೆ ಕೈಯೊಡ್ಡಿ ತೆಗೆದುಕೊಳ್ಳುತ್ತಿತ್ತು. ಆ ಗಾಂಭೀರ್ಯಕ್ಕೆ ಬೀದಿಯವರೆಲ್ಲ ಸೋತಿದ್ದರು. ಶನಿವಾರ ಬಂತೆಂದರೆ ಆಂಜನೇಯನಿಗೆಂದು ಬಾಳೆಹಣ್ಣು, ರಸಾಯನ, ಒಬ್ಬಟ್ಟು ಬರುತ್ತಿದ್ದವು. ಎಲ್ಲರಿಗಿಂತ ಮೊದಲು ಕೊಡುತ್ತಿದ್ದವಳು ಅಮ್ಮ.

ಆ ವಾರ ಪಕ್ಕದ ಮನೆಯ ಮದುವೆ ಮುಗಿದು ಕೇಸರಿಬಾತು, ಬೂಂದಿ ಮಿಕ್ಕಿದ್ದವು. ಅಮ್ಮ ಮುತ್ತುಗದ ಎಲೆ ತುಂಬ ಇಟ್ಟಳು. ಅದು ಒಂದು ಕಾಳೂ ಬಿಡದೆ ತಿಂದಿತು.

ಭಾನುವಾರ ಬೆಳಿಗ್ಗೆ ನೋಡಿದರೆ ಮುಸುವ ಗೋಡೆಯ ಮೇಲೆ ತಲೆ ತಗ್ಗಿಸಿ ಕೂತಿತ್ತು. ಹೊಟ್ಟೆ ಊದಿತ್ತು. ಹತ್ತಿರ ಹೋದರೂ ಕದಲಲಿಲ್ಲ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಹೊಟ್ಟೆ ಉಬ್ಬರ ಕಣೋ. ಅನ್ನ ತಿಂದ್ಬುಟ್ಟ ಹಸ ಇಂಗೇ ನಿಂತ್ಕಳದು."

"ಅಮ್ಮ, ಇದು ಕೋತಿ ಜಾತಿ. ಇದರ ಹೊಟ್ಟೆ ನಮ್ಮ ಥರ. ಹಸುವಿಂದೇ ಬೇರೆ," ಅಂದೆ. ನಕ್ಕೆನೋ ಇಲ್ಲವೋ ನೆನಪಿಲ್ಲ. ನಕ್ಕೆ ಎಂದೇ ಇಬ್ಬರೂ ಹೇಳುತ್ತಾರೆ.

"ಓದಿರೋನು ನೀನು. ಸಗಣಿ ಬಾಚಿರೋಳು ನಾನು," ಅಂದಳು ಅಮ್ಮ. "ಗೊಟ್ಟ ಇದ್ದಿದ್ರೆ ಎಣ್ಣೆ ಹುಯ್ದುಬುಡ್ತಿದ್ದೆ."

ಗೊಟ್ಟ ಎಂದರೆ ದನದ ಬಾಯಿಗೆ ಔಷಧಿ ಹುಯ್ಯುವ ಬಿದಿರಿನ ಕೊಳವೆ. ಅಕ್ಕ ಬಾಗಿಲಲ್ಲೇ ನಿಂತು, "ಹೋಗಿ ಬಾಯಿ ಹಿಡ್ಕಳೋ ಮೇಷ್ಟ್ರೇ, ಅಮ್ಮ ಹುಯ್ತಾಳೆ" ಅಂದಳು. ಅಮ್ಮ ನಗಲಿಲ್ಲ. "ನಾನೇ ತಿನ್ನಿಸಿ ಕೊಂದ್ನಲ್ಲೋ" ಅಂದಳು, ಮೆಲ್ಲಗೆ.

ಗುಬ್ಬಿಯಲ್ಲಿರುವ ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. ಹಿಡಿಯಲು ಹೋದರೆ ಹೆದರಿಯೇ ಸಾಯಬಹುದು, ಸುಮ್ಮನೆ ಬಿಡಿ, ನೀರು ಬಿಟ್ಟು ಏನೂ ಇಡಬೇಡಿ ಅಂದರು.

ಏನೂ ಇಡದಂತೆ ನೋಡಿಕೊಳ್ಳುವುದೇ ಕಷ್ಟವಾಯಿತು. ತಲೆ ತಗ್ಗಿಸಿದ್ದನ್ನು ಕಂಡ ಯಾರೋ, ಧ್ಯಾನಕ್ಕೆ ಕೂತಿದೆ ಎಂದುಬಿಟ್ಟರು. ಹಣ್ಣು, ಕರ್ಪೂರ ಹಿಡಿದು ಜನ ಬರತೊಡಗಿದರು. ಅಮ್ಮ ಕುರ್ಚಿ ಹಾಕಿಸಿಕೊಂಡು, ಊರುಗೋಲು ಅಡ್ಡ ಹಿಡಿದು ಕೂತಳು.

"ದೇವ್ರಿಗೆ ಕೊಡೋದ್ನ ತಡೀತೀಯಲ್ಲಜ್ಜಿ, ಪಾಪ ಬರಲ್ವಾ?" ಎಂದು ಒಬ್ಬಾಕೆ ಜಗಳಕ್ಕೇ ನಿಂತಳು.

"ದೇವ್ರಾಗಿದ್ರೆ ಅಜೀರ್ಣ ಆಗ್ತಿತ್ತೇನವ್ವಾ? ಬರೋ ಪಾಪ ನಂಗೇ ಬರ್ಲಿ, ಹಣ್ಣು ಎತ್ಕಂಡು ನಡಿ ನೀನು."

ಮಧ್ಯಾಹ್ನ ಅಕ್ಕ ಅಲ್ಲಿಗೇ ತಟ್ಟೆ ತಂದರೆ, ಅದರ ಎದುರು ಹೆಂಗೆ ಉಣ್ಣಲಿ ಎಂದು ವಾಪಸು ಕಳಿಸಿದಳು. ಸಂಜೆ ನಾನು ಪಕ್ಕಕ್ಕೆ ಹೋಗಿ ನಿಂತಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹೇಳುವ ಅಳು ಇದೇ.

ಸೋಮವಾರ ಮುಸುವ ಹುಣಸೆ ಚಿಗುರನ್ನು ಎರಡು ಬೆರಳಲ್ಲಿ ಕಿತ್ತು ಬಾಯಿಗಿಟ್ಟದ್ದು, ಅಮ್ಮ ಉಸಿರು ಬಿಗಿಹಿಡಿದು ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಸೋಮವಾರ ಮೊದಲ ಪೀರಿಯಡ್ ನನ್ನದು. ಬೆಳಗಿನ ಮೊದಲ ಬಸ್ಸಿಗೇ ತುಮಕೂರಿಗೆ ಹೊರಟಿರಬೇಕು. ಅಕ್ಕ ಫೋನಿನಲ್ಲಿ ಹೇಳಿದ್ದನ್ನೇ ನಾನು ಕಂಡದ್ದೆಂದು ಇಟ್ಟುಕೊಂಡಿದ್ದೇನೆ. ಮಂಗಳವಾರ ಅದು ಮರ ಹತ್ತಿತಂತೆ. ಆಮೇಲೆ ಕಾಣಲಿಲ್ಲ. ಹುಲಿಯೂರುದುರ್ಗದ ಬೆಟ್ಟಕ್ಕೆ ಹೋಗಿರುತ್ತದೆ ಎಂದು ಅಕ್ಕ. ಅಮ್ಮ ಮಾತ್ರ ಆಗಾಗ ಆ ಮರದ ಕಡೆ ನೋಡಿ, "ಆ ಬೂಂದಿ ನಾನೇ ಅಲ್ವಾ ಇಟ್ಟಿದ್ದು" ಅನ್ನುವಳು.

"ಸಿಹಿಯಿಂದಲ್ಲ ಅಮ್ಮ, ಬೇರೆ ಏನೋ ಕಾಯಿಲೆ ಇತ್ತು" ಎಂದು ನಾನು ಪ್ರತಿ ಸಲ ಸಮಾಧಾನ ಹೇಳುತ್ತಿದ್ದೆ. ಹೇಳಿ ಹೇಳಿ ನನಗೇ ಅನುಮಾನ ಬಂದು ಈಚೆಗೆ ಓದಲು ಕೂತೆ. ಏಷ್ಯಾದ ಕಾಡುಗಳಲ್ಲಿ ಮುಸುವಕ್ಕೆ ಎಲೆ ತಿಂದೇ ಬದುಕುವ ನೆಂಟರು ಎಷ್ಟೊಂದು! ಕೆಲವು ಅಳಿವಿನ ಅಂಚಿನಲ್ಲಿವೆ. ಅವುಗಳಿಗೆ ಕನ್ನಡದಲ್ಲಿ ಒಂದು ಹೆಸರೂ ನನಗೆ ಸಿಗಲಿಲ್ಲ. ಓದಿದ್ದನ್ನು ಅಮ್ಮನಿಗೆ ಹೇಳುವುದೋ ಬೇಡವೋ ಎಂದು ಎರಡು ಶನಿವಾರ ತಡೆದೆ. ಅವಳ ಮಾತು ನಿಜವಾದರೆ ಅವಳ ತಪ್ಪೂ ನಿಜವಾಗುತ್ತಿತ್ತು. ಕೊನೆಗೆ ಹೇಳಿದೆ. "ಹಂಗಾದ್ರೆ ಅಡ್ಡ ಕೂತಿದ್ದು ಒಳ್ಳೇದೇ ಆಯ್ತು" ಅಂದಳು ಅಮ್ಮ.

ಅದು ಬದುಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹುಡುಕಿ ಖಚಿತಪಡಿಸಿಕೊಂಡದ್ದು ಇಷ್ಟು: ಮುಸುವದ ಹೊಟ್ಟೆ ನಮ್ಮಂಥದ್ದಲ್ಲ, ಹಸುವಿನದರಂತೆ ಅದರಲ್ಲೂ ಹಲವು ಅರೆಗಳಿವೆ, ತಿಂದ ಎಲೆ ಅಲ್ಲಿ ಹುಳಿತು ಜೀರ್ಣವಾಗುತ್ತದೆ, ಸಿಹಿ ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ.