ಮಗ್ಗದ ಮನೆಗೆ ಬಂದ ಸಮುದ್ರ

ಮಗ್ಗದ ಎಳೆ ಮತ್ತೆ ಪಟ್ಟನೆ ಹರಿಯಿತು. ಮರುದಿನ ಬೆಳಿಗ್ಗೆ ಬಟ್ಟೆ ಒಪ್ಪಿಸಬೇಕು. ನೆಲಕ್ಕೆ ಎಷ್ಟು ನೀರು ಚಿಮುಕಿಸಿದರೂ ಬೇಸಿಗೆಯ ಒಣಹವೆಗೆ ನೂಲು ತಾಳುತ್ತಿಲ್ಲ. ಘಟ್ಟದ ಮೇಲಿನ ಇಚಲಕರಂಜಿಯ ನಮ್ಮ ಪವರ್‌ಲೂಮಿಗೆ ಯಾರದೋ ದೃಷ್ಟಿ ತಾಗಿದೆ ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸತೊಡಗಿದರು. ಸೆಖೆ ತಾಳದೆ ನಾನು ಪಶ್ಚಿಮದ ಕಿಟಕಿ ತೆರೆದೆ. ಸಂಜೆಯ ತಂಗಾಳಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿನಲ್ಲೇ ಎಳೆ ಹರಿಯುವುದು ನಿಂತಿತು!

ಬಿ.ಎ. ಪರೀಕ್ಷೆಗೆಂದು ಅಂದು ಬೆಳಿಗ್ಗೆಯಷ್ಟೇ ಭೂಗೋಳ ಓದಿದ್ದೆ. ಹಗಲೆಲ್ಲ ನೆಲ ಕಾದು ಅದರ ಗಾಳಿ ಮೇಲೇರಿದರೆ, ಆ ಜಾಗ ತುಂಬಲು ಸಮುದ್ರದ ತೇವದ ಗಾಳಿ ಓಡಿಬರುತ್ತದಂತೆ.

"ಅತ್ತಿ, ಸಮುದ್ರ ಬಂತ್ರೀ! ಘಾಟ ಹತ್ತಿ ನಮ್ಮ ಮಗ್ಗಕ್ಕ ಬಂತ್ರೀ!" ಎಂದು ಕುಣಿದೇಬಿಟ್ಟೆ.

"ಹುಚ್ಚಿ! ಅದು ನನ್ನ ಮೆಣಸಿನಕಾಯಿ ಕೆಲಸಾ!" ಎಂದು ಅತ್ತೆ ಗದರಿದರು. ಆದರೂ ಕಿಟಕಿಯತ್ತ ಮೂಗು ಚಾಚಿ ಒಮ್ಮೆ ಉಸಿರೆಳೆದುಕೊಂಡರು.

ನಾವಿಬ್ಬರೂ ಇನ್ನೂ ಸಮುದ್ರ ಕಂಡವರಲ್ಲ. ಈಗ ಎಳೆ ಹರಿದರೆ ಅತ್ತೆ ಒಂದು ಕೈಯಲ್ಲಿ ಮೆಣಸಿನಕಾಯಿ ಹಿಡಿದು, ಇನ್ನೊಂದು ಕೈಯಿಂದ ಅದೇ ಕಿಟಕಿ ತೆರೆದು ನನ್ನನ್ನು ಕೂಗುತ್ತಾರೆ: "ಏ, ನಿನ್ನ ಸಮುದ್ರ ಎಲ್ಲೀತನಾ ಬಂತ ನೋಡ!"